ಹೊಸ ಬಸ್ಸಿನ ವಾಸನೆ ಮತ್ತು ದೋನ್ಯಾ ತೊಮಾಸಾ

ಪಚುಕಾ ಪಟ್ಟಣದ ಗುಡ್ಡದ ಕೇರಿಗಳಲ್ಲಿ ಇರುವವರಿಗೆ ಬಸ್ಸಿನ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ. ನಮ್ಮ ಕೇರಿಯ ಹಳೆಯ ಬಸ್ಸು ಏರು ಹತ್ತುವಾಗ ಹೊಗೆಯನ್ನು ಒಳಗೇ ಬಿಡುತ್ತಿತ್ತು. ಮಳೆ ಬಂದರೆ ಸೀಟಿನಲ್ಲಿ ಕೂತು ಕೊಡೆ ಬಿಚ್ಚಬೇಕಿತ್ತು. ಹೊಸ ಬಸ್ಸು ಬೇಕೆಂದು ಮೂರು ವರ್ಷ ಮನೆ ಮನೆ ತಿರುಗಿ ಸಹಿ ಹಾಕಿಸಿದವರು ದೋನ್ಯಾ ತೊಮಾಸಾ. ಪೇಟೆಯ ಮೂಲೆಯಲ್ಲಿ ಆಲೂಗಡ್ಡೆ, ಮಾಂಸ ತುಂಬಿದ ಬಿಸಿ ಪಾಸ್ತೆ ಕಡುಬು ಮಾರುವ ಅರವತ್ತೆರಡರ ಗಟ್ಟಿ ಹೆಂಗಸು. ನಮ್ಮಲ್ಲಿ ಹಿರಿಯ ಹೆಂಗಸರನ್ನು ದೋನ್ಯಾ, ಗಂಡಸರನ್ನು ದೋನ್ ಎಂದು ಗೌರವದಿಂದ ಕರೆಯುತ್ತೇವೆ.

ಮೇ ತಿಂಗಳಲ್ಲಿ ಕೊನೆಗೂ ಬಸ್ಸು ಬಂತು. ಬಿಳಿ ಮೈ, ನೀಲಿ ಸೀಟು. ಸೀಟಿಗೆ ಕಾರ್ಖಾನೆಯಲ್ಲಿ ಹೊದಿಸಿದ್ದ ಪ್ಲಾಸ್ಟಿಕ್ಕೂ ಹಾಗೇ ಇತ್ತು. ತೊಮಾಸಾ ಒಳಗೆ ಕಾಲಿಟ್ಟು, ಕಣ್ಣು ಮುಚ್ಚಿ, ಉದ್ದಕ್ಕೆ ಉಸಿರೆಳೆದುಕೊಂಡರು.

"ಮೂಸಿ ನೋಡ್ರೇ, ಹೊಸದರ ವಾಸನೆ. ನಮ್ಮ ಕೇರಿಗೆ ಹೊಸದು ಅಂತ ಯಾವತ್ತಾದ್ರೂ ಏನಾದ್ರೂ ಬಂದಿತ್ತಾ?"

ಎರಡನೇ ವಾರ ಅವರ ಮೊಮ್ಮಗಳು ಯರೆಲಿ ಗೊಣಗಲು ಶುರುಮಾಡಿದಳು. ಒಂಬತ್ತು ವರ್ಷದ ಹುಡುಗಿ, ಚಿಕ್ಕಂದಿನಿಂದ ಉಬ್ಬಸ. ಅವಳ ಶಾಲೆ ಪೇಟೆಯಲ್ಲಿ. ಹೋಗುವುದೂ ಬರುವುದೂ ಅಜ್ಜಿಯ ಜೊತೆಗೇ.

"ಅಜ್ಜಿ, ಬಸ್ ಹತ್ತಿದ್ರೆ ತಲೆ ನೋಯುತ್ತೆ. ಗಂಟಲು ಕೆರೆಯುತ್ತೆ."

"ಲೆಕ್ಕದ ಪರೀಕ್ಷೆ ದಿನ ಮಾತ್ರಾನಾ, ದಿನಾನಾ?"

"ದಿನಾ. ನಡ್ಕೊಂಡೇ ಹೋಗೋಣ."

"ಬುಟ್ಟಿ ಹೊತ್ಕೊಂಡು ನಾಲ್ಕು ಕಿಲೋಮೀಟರ್ ನಡೆಯೋಕೆ ನಾನೇನು ಕತ್ತೆನಾ?"

ನಿಜ ಹೇಳಬೇಕೆಂದರೆ ತೊಮಾಸಾ ಅವರಿಗೂ ಹಣೆ ಬಿಗಿದಂತಾಗುತ್ತಿತ್ತು, ಕಣ್ಣು ಉರಿಯುತ್ತಿತ್ತು. ಅದನ್ನು ಅವರು ಯಾರ ಮುಂದೆಯೂ ಬಾಯಿ ಬಿಡಲಿಲ್ಲ.

ಅದೇ ಬಸ್ಸಿನಲ್ಲಿ ಆರೋಗ್ಯ ಕೇಂದ್ರದ ನರ್ಸ್ ರೊಸೆಂದಾ ಓಡಾಡುತ್ತಿದ್ದಳು. ನಾನೂ ತೊಮಾಸಾ ಅವರ ಹಿಂದಿನ ಸೀಟಿನಲ್ಲೇ ಕೂರುತ್ತಿದ್ದೆ. ಒಂದು ಬೆಳಿಗ್ಗೆ ರೊಸೆಂದಾ ಕಿಟಕಿ ಸರಿಸಿದಳು. ತೊಮಾಸಾ ತಕ್ಷಣ ಮುಚ್ಚಿದರು.

"ಈ ಊರಿನ ಗಾಳಿ ಗೊತ್ತಲ್ಲಮ್ಮ ನಿಂಗೆ. ಮುಖಕ್ಕೆ ಹೊಡೆದು ಬಾಯಿ ಸೊಟ್ಟಗಾದ್ರೆ?"

"ದೋನ್ಯಾ ತೊಮಾ, ಇಪ್ಪತ್ತು ವರ್ಷದಿಂದ ನರ್ಸ್ ಆಗಿದೀನಿ. ಕಿಟಕಿ ಗಾಳಿಗೆ ಬಾಯಿ ಸೊಟ್ಟಗಾದೋರನ್ನ ಒಬ್ಬರನ್ನೂ ನೋಡಿಲ್ಲ. ಈ ಮುಚ್ಚಿದ ಬಸ್ಸಲ್ಲಿ ಬಂದು ವಾಂತಿ, ತಲೆನೋವು ಅಂದೋರನ್ನ ಈ ವಾರದಲ್ಲೇ ನಾಲ್ಕು ಜನರನ್ನ ನೋಡಿದೆ."

ತೊಮಾಸಾ ದನಿ ತಗ್ಗಿಸಿದರು. "ಮೆಲ್ಲಗೆ ಮಾತಾಡು. ನೀನು ಹೀಗೆ ದೂರು ಹೇಳಿದ್ರೆ ಆಫೀಸಿನೋರು ಬಸ್ಸನ್ನೇ ವಾಪಸ್ ತಗೊಂಡು ಹೋಗ್ತಾರೆ. ಆಮೇಲೆ ಅದೇ ಹೊಗೆ ಗಾಡಿ. ನನ್ನ ಮೂರು ವರ್ಷ ನೀರಲ್ಲಿ ಹೋಮ."

ಅಸಲಿ ಭಯ ಅದಾಗಿತ್ತು.

ಗುರುವಾರ ಮಧ್ಯಾಹ್ನ ಬಿಸಿಲು ಸುಡುತ್ತಿತ್ತು. ಚಾಲಕ ದೋನ್ ಸಿರಿಲೊ ಬಾಗಿಲು, ಕಿಟಕಿ ಎಲ್ಲ ಮುಚ್ಚಿ, ಬಸ್ಸನ್ನು ಬಿಸಿಲಿನಲ್ಲೇ ನಿಲ್ಲಿಸಿ ಊಟಕ್ಕೆ ಹೋಗಿದ್ದರು. ವಾಪಸ್ ಬಂದು, ವಾಸನೆ ಮುಚ್ಚಲೆಂದು ಸುಗಂಧದ ಸ್ಪ್ರೇ ಬೇರೆ ಹೊಡೆದರು. ಶಾಲೆ ಬಿಟ್ಟ ಯರೆಲಿ ಅಜ್ಜಿಯ ಜೊತೆ ಹತ್ತಿ ಕೂತಳು. ಮೂರನೇ ನಿಲ್ದಾಣ ದಾಟುವಷ್ಟರಲ್ಲಿ ಅವಳ ಎದೆಯಿಂದ ಸೀಟಿ ಊದಿದಂತೆ ಸದ್ದು ಬರತೊಡಗಿತು. ತುಟಿ ಬಿಳಿಚಿತು. ಮಾತಾಡಲು ಹೋದರೆ ಉಸಿರು ಸಾಲದು.

ರೊಸೆಂದಾ ಎದ್ದು ನಿಂತಳು. "ದೋನ್ ಸಿರಿಲೊ, ಗಾಡಿ ಪಕ್ಕಕ್ಕೆ ಹಾಕಿ. ಎರಡೂ ಬಾಗಿಲು ತೆಗೀರಿ."

ಮಗುವನ್ನು ಕೆಳಗಿಳಿಸಿ, ನೆರಳಿನಲ್ಲಿ ನೆಟ್ಟಗೆ ಕೂರಿಸಿದಳು. ಇನ್ಹೇಲರ್ ಚೀಲದ ತಳದಲ್ಲಿ, ಪುಸ್ತಕಗಳ ಕೆಳಗೆ ಸಿಕ್ಕಿಕೊಂಡಿತ್ತು. ಅದನ್ನು ಹುಡುಕಲು ತೊಮಾಸಾ ಇಡೀ ಚೀಲವನ್ನು ರಸ್ತೆಯ ಮೇಲೆ ಸುರಿದರು. ಔಷಧಿ ಒಳಗೆ ಹೋಗಿ, ಸ್ವಲ್ಪ ಹೊತ್ತಿಗೆ ಯರೆಲಿಯ ಉಸಿರು ಹಗುರಾಯಿತು. "ಬಾಯಾರಿಕೆ," ಅಂದಳು. ಬಸ್ಸಿನಲ್ಲಿದ್ದವರೆಲ್ಲ ಇಳಿದು ಸುತ್ತ ನಿಂತಿದ್ದೆವು. ಯಾರೂ ತಡವಾಯಿತು ಎನ್ನಲಿಲ್ಲ.

"ನಾಟಕ ಮಾಡ್ತಾಳೆ ಅಂದ್ಕೊಂಡಿದ್ದೆ," ಎಂದು ತೊಮಾಸಾ ನೆಲ ನೋಡುತ್ತಾ ಹೇಳಿದರು. "ನಂಗೂ ದಿನಾ ತಲೆ ನೋಯುತ್ತೆ ಕಣೇ ರೊಸೆಂದಾ. ಅಷ್ಟು ಕೆಟ್ಟದ್ದಾ ಈ ವಾಸನೆ?"

ರೊಸೆಂದಾ ಪಕ್ಕದಲ್ಲಿ ಕೂತಳು. "ಹೆದರಬೇಡಿ. ಸೀಟಿನ ಸ್ಪಂಜು, ಅಂಟು, ಪ್ಲಾಸ್ಟಿಕ್, ನೆಲದ ರಬ್ಬರು, ಇವುಗಳಿಂದ ಬರೋ ಆವಿನೇ ಈ ವಾಸನೆ. ಬಿಸಿಲಿಗೆ ನಿಂತ್ರೆ ಜಾಸ್ತಿ. ತಿಂಗಳು ಕಳೀತಾ ಕಳೀತಾ ಕಮ್ಮಿ ಆಗುತ್ತೆ. ಗಟ್ಟಿ ಇರೋರಿಗೆ ಒಂಚೂರು ತಲೆನೋವು, ಕಣ್ಣುರಿ. ಗಾಳಿಗೆ ಬಂದ್ರೆ ಹೋಗುತ್ತೆ. ಉಬ್ಬಸದೋರು, ಬಸುರಿಯರು, ಕೂಸುಗಳು ಇದ್ರೆ ಹುಷಾರಾಗಿರಬೇಕು. ಇದರ ಮೇಲೆ ಸೆಂಟು ಹೊಡೆದ್ರೆ ಇನ್ನೂ ಕೆಡುತ್ತೆ."

"ಹಂಗಾದ್ರೆ ಬಸ್ ಬಿಡಬೇಕಾ?"

"ಯಾಕೆ ಬಿಡ್ತೀರಿ? ಆ ಹೊಗೆ ಗಾಡಿ ಇದಕ್ಕಿಂತ ಕೆಟ್ಟದ್ದು. ಬಸ್ ಇರಲಿ, ಗಾಳಿ ಬರಲಿ. ಇವತ್ತು ಮಾತ್ರ ಯರೆಲಿನ ಡಾಕ್ಟರಿಗೆ ತೋರಿಸಿಬಿಡೋಣ."

ಡಾಕ್ಟರು ಮಗುವನ್ನು ಪರೀಕ್ಷಿಸಿ, ಇನ್ಹೇಲರ್ ಯಾವಾಗಲೂ ಕೈಗೆ ಸಿಗುವ ಕಡೆ ಇರಬೇಕೆಂದು ಹೇಳಿ ಕಳಿಸಿದರು.

ಮರುದಿನ ಬೆಳಿಗ್ಗೆ ತೊಮಾಸಾ ಕೈಯಲ್ಲಿ ಕತ್ತರಿ ಹಿಡಿದು ಬಸ್ ನಿಲ್ದಾಣಕ್ಕೆ ಬಂದರು. ದೋನ್ ಸಿರಿಲೊ ಗಾಬರಿಯಾದರು.

"ಈ ಪ್ಲಾಸ್ಟಿಕ್ ತೆಗೀಬೇಕು," ಅಂದರು ತೊಮಾಸಾ.

"ಸೀಟು ಕೊಳೆಯಾಗುತ್ತೆ ಅಂತ ಹಾಗೇ ಬಿಟ್ಟಿದ್ವಿ, ದೋನ್ಯಾ. ಆಫೀಸಲ್ಲಿ ಕೇಳಬೇಕಾಗುತ್ತೆ."

"ಕೇಳಿ. ನಾನು ಇಲ್ಲೇ ನಿಂತಿರ್ತೀನಿ."

ಸಿರಿಲೊ ಫೋನು ಮಾಡಿದರು. ಆ ಕಡೆಯವರಿಗೆ ಅಡ್ಡಿಯೇನೂ ಇರಲಿಲ್ಲ. ಇದುವರೆಗೆ ಯಾರೂ ಕೇಳಿರಲಿಲ್ಲ, ಅಷ್ಟೇ. ನಾವು ಏಳೆಂಟು ಜನ ಸೇರಿ ಪ್ಲಾಸ್ಟಿಕ್ ಎಲ್ಲ ಕಿತ್ತು ಹಾಕಿದೆವು. ಅಂದಿನಿಂದ ಹೊರಡುವ ಹತ್ತು ನಿಮಿಷ ಮೊದಲೇ ಸಿರಿಲೊ ಬಾಗಿಲು, ಕಿಟಕಿ ತೆರೆದಿಡುತ್ತಾರೆ. ಬಸ್ಸನ್ನು ನೆರಳಿಗೆ ನಿಲ್ಲಿಸುತ್ತಾರೆ. ಸ್ಪ್ರೇ ಮನೆಗೆ ಹೋಯಿತು.

ಕಿಟಕಿಯ ಜಗಳ ಮಾತ್ರ ಬೇಗ ಮುಗಿಯಲಿಲ್ಲ. ಮುದುಕ ದೋನ್ ಎವೋದಿಯೊ ಟೋಪಿ ಅದುಮಿ ಹಿಡಿದು, "ಟೋಪಿ ಹಾರಿಹೋದ್ರೆ ನೀವು ಕೊಡಿಸ್ತೀರಾ?" ಎಂದು ದಿನವೂ ಕೇಳುತ್ತಿದ್ದರು. ತೊಮಾಸಾ ಆ ಮುದುಕರನ್ನು ಗಾಳಿ ತಾಗದ ಸೀಟಿನಲ್ಲಿ ಕೂರಿಸಿ, ತಮ್ಮ ಶಾಲು ಹೊದಿಸಿದರು. ಈಗ ಅವರು ಚಳಿಯಿಲ್ಲದ ದಿನವೂ ಶಾಲು ಕೇಳುತ್ತಾರೆ.

ತೊಮಾಸಾ ಬಸ್ಸಿನ ಆಫೀಸಿಗೆ ಒಂದು ಕಾಗದವನ್ನೂ ಬರೆಸಿದರು. ಬಸ್ಸಿನ ನಂಬರು, ಯಾವ ದಿನ, ಯಾವ ಹೊತ್ತು, ಯಾರಿಗೆ ಏನಾಯಿತು, ಎಲ್ಲ ಅದರಲ್ಲಿತ್ತು. ಕೊನೆಯಲ್ಲಿ "ಬಸ್ಸು ನಮಗೆ ಬೇಕು" ಎಂದೂ ಇತ್ತು. ಮೆಕ್ಯಾನಿಕ್ ಬಂದು ನೋಡಿದರೆ, ಹೊರಗಿನ ಗಾಳಿ ಒಳಗೆ ಬರುವ ದಾರಿಯೇ ಮುಚ್ಚಿತ್ತು. ಒಳಗಿನ ಗಾಳಿಯೇ ಮತ್ತೆ ಮತ್ತೆ ಸುತ್ತುತ್ತಿತ್ತು. ಅದನ್ನು ತೆರೆಯುವುದು ಅರ್ಧ ಗಂಟೆಯ ಕೆಲಸ, ಮಾಡಿ ಹೋದ. ಬಸ್ಸನ್ನು ಯಾರೂ ವಾಪಸ್ ತೆಗೆದುಕೊಂಡು ಹೋಗಲಿಲ್ಲ.

ಆಗಸ್ಟ್ ಹೊತ್ತಿಗೆ ವಾಸನೆ ಮೂಗಿಗೆ ಬಡಿಯದಷ್ಟು ಇಳಿದಿತ್ತು. ಆಮೇಲೆ ಯರೆಲಿ ಒಂದು ದಿನವೂ ಶಾಲೆ ತಪ್ಪಿಸಿಲ್ಲ. ಲೆಕ್ಕದ ಪರೀಕ್ಷೆಗೂ ಹೋದಳು, ಪಾಸೂ ಆದಳು.

ಓದುತ್ತಿರುವ ಅಕ್ಕ, ಅಣ್ಣ, ನಿಮ್ಮ ದಾರಿಗೂ ಹೊಸ ಬಸ್ಸು ಬಂದರೆ ಸಂತೋಷದಿಂದ ಹತ್ತಿ. ಹತ್ತಿದ ಮೇಲೆ ಹತ್ತಿರದ ಕಿಟಕಿಯನ್ನು ಸ್ವಲ್ಪ ಸರಿಸಿ, ಎದುರು ಸಾಲಿನವರಿಗೂ ಸರಿಸಲು ಹೇಳಿ. ತಲೆ ತಿರುಗಿದರೆ, ಕಣ್ಣು ಉರಿದರೆ ಇಳಿದು ಗಾಳಿಗೆ ನಿಲ್ಲಿ. ಉಸಿರು ಕಟ್ಟಿದರೆ ತಡಮಾಡದೆ ಡಾಕ್ಟರ ಬಳಿ ಹೋಗಿ. ಉಬ್ಬಸ ಇರುವವರ ಔಷಧಿ ಚೀಲದ ಮೇಲಿನ ಜೇಬಿನಲ್ಲಿರಲಿ. ಮಗು ಬಸ್ಸಿನಲ್ಲಿ ತಲೆನೋವು ಎಂದರೆ ಒಂದು ಸಲ ನಂಬಿ ನೋಡಿ. ಬಸ್ಸು ಕೇಳಿ ಪಡೆಯುವ ಹಕ್ಕು ನಿಮಗಿದ್ದರೆ, ಅದರೊಳಗೆ ಒಳ್ಳೆಯ ಗಾಳಿ ಕೇಳುವ ಹಕ್ಕೂ ನಿಮಗಿದೆ. ನಾಳೆ ಬಸ್ಸು ಹತ್ತಿದಾಗಲೇ ಕೇಳಿ.