ಸಂಪೂರ್ಣ ಕೀಟಮುಕ್ತ

ಪುರೇನ್ ಊರಿನ ಮೇಲಿನ ಗುಡ್ಡದಲ್ಲಿ, ನೀಲಗಿರಿ ತೋಪಿಗೆ ಅಂಟಿಕೊಂಡಂತೆ, ಮರದ ಕಂಪನಿಯ ಹುಳುಮನೆ ಇತ್ತು. ನೀಲಗಿರಿ ಎಲೆ ತಿಂದು ಹಾಳುಮಾಡುವ ಮೂತಿಹುಳುವಿನ ಮೊಟ್ಟೆಯೊಳಗೇ ತನ್ನ ಮೊಟ್ಟೆ ಇಟ್ಟು ಅದನ್ನು ಮುಗಿಸಿಬಿಡುವ ಕಣಜದ ಹುಳುವನ್ನು ಅಲ್ಲಿ ಸಾಕುತ್ತಿದ್ದರು. ಸಾಸಿವೆಗಿಂತ ಚಿಕ್ಕದು. ಹನ್ನೊಂದು ವರ್ಷ, ಪ್ರತಿ ಚಳಿಗಾಲದಲ್ಲೂ ಬದುಕುಳಿದವನ್ನೇ ಆರಿಸಿ ಆರಿಸಿ, ಗುಡ್ಡದ ಹಿಮಕ್ಕೂ ಜಗ್ಗದ ತಳಿಯೊಂದನ್ನು ಅಲ್ಲಿನ ಕೆಲಸದವಳು ಎಲ್ಸಿರಾ ಮಾಡಿದ್ದಳು. ಅದು ಲೋಕದಲ್ಲಿ ಇನ್ನೆಲ್ಲೂ ಇರಲಿಲ್ಲ. ಮ್ಯಾನೇಜರ್ ದೋನ್ ಎಲಿಯೋದೋರೋ ಮಾತ್ರ ಅದನ್ನು ಒಮ್ಮೆಯೂ ಕಣ್ಣಿಟ್ಟು ನೋಡಿದವರಲ್ಲ. ಪಾಪ, ಅವರಿಗೆ ನೋಡಿಕೊಳ್ಳಲು ತಮ್ಮ ಮೀಸೆಯೇ ಬೇಕಾದಷ್ಟಿತ್ತು.

ಕರೆಂಟು ಉಳಿಸಬೇಕೆಂದು ಪ್ರತಿ ಶುಕ್ರವಾರ ಸಂಜೆ ಅಲ್ಲಿ ಹೀಟರ್ ಆರಿಸುತ್ತಿದ್ದರು. ಬೆಳೆದ ಹುಳು ಹಿಮ ತಡೆದರೂ ಮೊಟ್ಟೆಗೆ ಬೆಚ್ಚಗಿರಬೇಕು. ಹಾಗಾಗಿ ಎಲ್ಸಿರಾ ಮತ್ತು ಜೊತೆಯವಳು ನೋಲ್ಫಾ ಹುಳು, ಮೊಟ್ಟೆಗಳಿದ್ದ ಡಬ್ಬಿಗಳನ್ನು ಅಂಗಿಯೊಳಗೆ ಎದೆಗೆ ಬೆಚ್ಚಗೆ ಸಿಕ್ಕಿಸಿಕೊಂಡು ಮನೆಗೆ ಒಯ್ದು, ರೊಟ್ಟಿಯ ಹಿಟ್ಟು ಉಬ್ಬಲು ಇಡುವ ಒಲೆಯ ಪಕ್ಕ ಇಡುತ್ತಿದ್ದರು. ಆ ಶುಕ್ರವಾರ ದೋನ್ ಎಲಿಯೋದೋರೋ ಬಾಗಿಲಿಗೇ ಅಡ್ಡ ನಿಂತರು.

"ಸೋಮವಾರ ಉಪಮಂತ್ರಿಗಳು ಬರ್ತಾರೆ. ಒಂದು ಡಬ್ಬೀನೂ ಅಲ್ಲಾಡಬಾರದು. ಹೀಟರ್ ನಾನೇ ಉರಿಸ್ತೀನಿ, ಬೀಗದ ಕೈ ಇಲ್ಲಿ ಕೊಡಿ."

ಎಲ್ಸಿರಾ ಕೀಲಿ ಕೊಟ್ಟಳು. ಸಾಹೇಬರ ಮಾತಿನ ಮೇಲೆ ಅವಳಿಗೆ ನಂಬಿಕೆ ಅಷ್ಟಕ್ಕಷ್ಟೇ. ಒಂದು ಡಬ್ಬಿ ಆಗಲೇ ಅವಳ ಎದೆಯೊಳಗಿತ್ತು.

ಸೋಮವಾರ ಬೆಳಿಗ್ಗೆ ಬಂದರೆ ಹುಳುಮನೆ ಲ್ಯಾವೆಂಡರ್ ವಾಸನೆ ಹೊಡೆಯುತ್ತಿತ್ತು. ನೆಲ ಫಳಫಳ. ಬಾಗಿಲ ಮೇಲೆ ಗಾಜಿನ ಚೌಕಟ್ಟಿನಲ್ಲಿ ಹೊಸ ಸರ್ಟಿಫಿಕೇಟು: "ಈ ಕಟ್ಟಡ ಸಂಪೂರ್ಣ ಕೀಟಮುಕ್ತ. ಆರು ತಿಂಗಳ ಗ್ಯಾರಂಟಿ."

"ಅಯ್ಯೋ ದೇವರೇ!" ಎಂದು ನೋಲ್ಫಾ ಬಾಯಿ ಮುಚ್ಚಿಕೊಂಡಳು.

ಎಲ್ಸಿರಾ ಡಬ್ಬಿಗಳನ್ನು ಒಂದೊಂದಾಗಿ ತೆರೆದಳು. ಎಲ್ಲವೂ ಅಂಗಾತ. ಹನ್ನೊಂದು ವರ್ಷದ ದುಡಿಮೆ ಎರಡೇ ದಿನದಲ್ಲಿ ಸತ್ತುಬಿದ್ದಿತ್ತು. ಅವಳು ಬಾಗಿಲಲ್ಲಿ ನಿಂತಿದ್ದ ದೋನ್ ಎಲಿಯೋದೋರೋ ಕಡೆ ತಿರುಗಿದಳು.

"ಯಾರು ಸಾಹೇಬ್ರೆ ಔಷಧಿ ಹೊಡೆಸಿದ್ದು?"

"ನಾನೇ. ಒಳಗೆ ನೊಣ ಇತ್ತಮ್ಮಾ! ಉಪಮಂತ್ರಿಗಳ ಮುಂದೆ ನೊಣ ಹಾರಿದ್ರೆ ಏನ್ ಮರ್ಯಾದೆ?"

"ಇದು ಹುಳುಮನೆ ಸ್ವಾಮಿ! ಹುಳ ಇರೋ ಮನೆ!"

"ಅದಕ್ಕೆ ಒಳ್ಳೇ ಔಷಧೀನೇ ತರಿಸಿದ್ದು, ಹೂವಿನ ವಾಸನೇದು." ವಿಷಯ ತಲೆಗಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು. ಮೀಸೆ ಜೋತುಬಿತ್ತು.

ಅಷ್ಟರಲ್ಲಿ ಕಾರುಗಳು ಬಂದವು. ಉಪಮಂತ್ರಿಗಳು ಸೀದಾ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟರು.

"ಇವೇನ್ರೀ, ಎಲ್ಲಾ ಅಂಗಾತ ಬಿದ್ದಿವೆ?"

"ಮಲಗಿವೆ ಸಾರ್," ಎಂದರು ದೋನ್ ಎಲಿಯೋದೋರೋ, "ರಾತ್ರಿ ಪಾಳಿ ಮುಗಿಸಿ."

"ಹೌದಾ! ಹಾಗಾದ್ರೆ ಊಟ ಆದ್ಮೇಲೆ ನೋಡೋಣ, ಎದ್ದಿರ್ತಾವೆ."

ಹೊರಗೆ ಊಟಕ್ಕೆ ಕುರಿ ಸುಡುತ್ತಿದ್ದರು. ಎಲ್ಲರೂ ಅತ್ತ ನಡೆದರು. ದೋನ್ ಎಲಿಯೋದೋರೋ ಎಲ್ಸಿರಾಳ ಹಿಂದೆ ಓಡಿಬಂದರು.

"ಏನಾದ್ರೂ ಮಾಡಮ್ಮಾ. ನನ್ನ ಮಾನ ನಿನ್ನ ಕೈಲಿದೆ."

"ನಿಮ್ಮ ಮಾನ ಕಟ್ಕೊಂಡು ನನಗೇನಾಗ್ಬೇಕು? ಮನೇಲಿ ಒಂದು ಡಬ್ಬಿ ಉಳಿದಿದೆ. ಅದೂ ಹೋದ್ರೆ ತಳೀನೇ ಹೋಯ್ತು. ಹುಳುಮನೆ ಬೀಗದ ಕೈ ಇನ್ಮೇಲೆ ನನ್ನ ಹತ್ರಾನೇ ಇರ್ಲಿ, ಆಗ ತರ್ತೀನಿ."

"ಕಂಪನಿ ಕೀಲಿ, ಹಾಗೆಲ್ಲಾ..."

"ಹಾಗಾದ್ರೆ ನೀವೇ ಹೋಗಿ ಎಬ್ಬಿಸಿ."

ಕೀಲಿ ಕೈ ಬದಲಾಯಿತು. ಡಬ್ಬಿ ಬಂತು. ಆದರೆ ಎಲ್ಸಿರಾ ಹುಳುಮನೆಯ ಮೆಟ್ಟಿಲು ಹತ್ತಲಿಲ್ಲ. ಆ ವಿಷದ ಕೋಣೆಗೆ ನನ್ನ ಹುಳ ಬರಲ್ಲ ಎಂದಳು. ಸೂಕ್ಷ್ಮದರ್ಶಕವನ್ನು ಮ್ಯಾನೇಜರೇ ಹೊತ್ತು ಅಂಗಳಕ್ಕೆ ತಂದರು.

"ಎದ್ದಿವೆ! ಎದ್ದುಬಿಟ್ಟಿವೆ!" ಎಂದು ಉಪಮಂತ್ರಿಗಳು ವೈನಿನ ಖುಷಿಯಲ್ಲಿ ಕೂಗಿದರು. "ಈಗಲೇ ಬಿಟ್ಬಿಡಿ ಕಾಡಿಗೆ! ಫೋಟೋ, ಫೋಟೋ!"

"ಬಿಡಮ್ಮಾ, ಬೇಗ!" ಎಂದರು ದೋನ್ ಎಲಿಯೋದೋರೋ.

ಎಲ್ಸಿರಾ ಡಬ್ಬಿಯ ಮುಚ್ಚಳ ಒತ್ತಿ ಹಿಡಿದಳು. ಇದ್ದದ್ದು ಅದೊಂದೇ ಡಬ್ಬಿ. ಇನ್ನೂರು ಹುಳು ಗಾಳಿಗೆ ಹೋದರೆ ಮತ್ತೆ ಸಾಕಲು ಒಂದೂ ಸಿಗುತ್ತಿರಲಿಲ್ಲ. ಅವಳು ನೋಲ್ಫಾಳ ಮುಖ ನೋಡಿದಳು. ನೋಲ್ಫಾ ಒಳಗೆ ಹೋಗಿ ತಟ್ಟೆ ತುಂಬ ಡಬ್ಬಿ ಹೊತ್ತು ತಂದಳು. ಬದುಕಿದ್ದ ಡಬ್ಬಿ ಸದ್ದಿಲ್ಲದೆ ಎಲ್ಸಿರಾಳ ಎದೆಗೆ ಸೇರಿತು.

"ಒಂದ್ಯಾಕೆ ಸಾಹೇಬ್ರೆ, ಎಲ್ಲಾನೂ ಬಿಡೋಣ."

ಅವಳು ಸತ್ತವನ್ನು ಒಂದೊಂದೇ ಡಬ್ಬಿಯಾಗಿ ಗಾಳಿಗೆ ಸುರಿದಳು. ಕಣ್ಣಿಂದ ನೀರು ಧಾರಾಕಾರ ಇಳಿಯಿತು. ಸುತ್ತ ಚಪ್ಪಾಳೆಯೋ ಚಪ್ಪಾಳೆ.

"ಆಹಾ, ಎಷ್ಟು ಎತ್ತರ ಹಾರ್ತಿವೆ ನೋಡ್ರೀ!" ಎಂದರು ಉಪಮಂತ್ರಿಗಳು. ಹೌದು ಹೌದು, ಅಗೋ ಅಲ್ಲಿ, ಎಂದು ದೋನ್ ಎಲಿಯೋದೋರೋ ಆಕಾಶಕ್ಕೆ ಬೆರಳು ತೋರಿಸಿದರು.

ಮರುದಿನದ ಪತ್ರಿಕೆಯ ಮುಖಪುಟದಲ್ಲಿ ಎಲ್ಸಿರಾಳ ಫೋಟೋ ಬಂತು. ಅದರ ಕೆಳಗೆ "ಕಾರ್ಮಿಕ ಮಹಿಳೆಯ ಆನಂದಬಾಷ್ಪ" ಎಂದು ಬರೆದಿದ್ದರು. ಅವಳು ಓದಿ, ಆ ಪುಟವನ್ನು ನಾಲ್ಕಾಗಿ ಮಡಚಿ, ಒಲೆಯ ಪಕ್ಕದ ಡಬ್ಬಿಯ ಅಡಿಗೆ ಹಾಸಿದಳು. ಡಬ್ಬಿಯೊಳಗೆ ಹುಳುಗಳು ಹರಿದಾಡುತ್ತಿದ್ದವು.