ಒತ್ತಿದ್ದು ನೀವು, ಬರೆದದ್ದು ನಾನು

ನಾನು ಒಂದು ಸರ್ವರ್. ಹೆಸರು ಕೇಳಿ ಏನೇನೋ ದೊಡ್ಡದಾಗಿ ಕಲ್ಪಿಸಿಕೊಳ್ಳಬೇಡಿ. ತಣ್ಣನೆಯ ಗಾಜಿನ ಕೋಣೆಯಲ್ಲಿ ಸಾಲಾಗಿ ನಿಂತು ಮಿಣುಕುವ ಭಾಗ್ಯ ನನ್ನದಲ್ಲ. ಹುಬ್ಬಳ್ಳಿಯ ಒಂದು ಕಂಪ್ಯೂಟರ್ ಅಂಗಡಿಯ ಮೇಲಂತಸ್ತಿನಲ್ಲಿ, ಚಹಾ ಲೋಟಗಳ ನಡುವೆ ಹುಟ್ಟಿದೆ. ಡಬ್ಬಿ ಒಂದು ಕಡೆಯದು, ಫ್ಯಾನು ಇನ್ನೊಂದು ಕಡೆಯದು, ಡಿಸ್ಕು ಮತ್ತೆಲ್ಲಿಯದೋ. ಜೋಡಿಸಿದ ಪುಣ್ಯಾತ್ಮನಿಗೆ ಕೊನೆಯಲ್ಲಿ ಒಂದು ಸ್ಕ್ರೂ ಕಡಿಮೆ ಬಿತ್ತು. ಹುಡುಕುವ ಗೋಜಿಗೂ ಹೋಗದೆ "ನಡೀತದ ಬಿಡ್ರಿ" ಎಂದು ಮುಚ್ಚಳ ಹಾಕಿಬಿಟ್ಟ. ಆ ಸ್ಕ್ರೂ ಇಲ್ಲದ ಕಡೆಯಿಂದ ಜೀವನಪೂರ್ತಿ ಗಿರ್ರೆಂದು ಸದ್ದು ಮಾಡಿದ್ದೇನೆ. ನನ್ನ ವಿಷಯದಲ್ಲಿ ಮನುಷ್ಯರು ಆಡಿದ ಮೊದಲ ಮಾತೇ "ನಡೀತದ ಬಿಡ್ರಿ". ಮುಂದೆಯೂ ಹಾಗೇ ನಡೆಯಿತು.

ನನ್ನನ್ನು ಕೊಂಡವರು ವಿರೂಪಾಕ್ಷ ಕೊಣ್ಣೂರ ಎಂಬ ಯಜಮಾನರು. ಸ್ಟೇಷನರಿ ಅಂಗಡಿಯೊಂದರ ಮಹಡಿಯ ಮೇಲೆ ಅವರ ಸಣ್ಣ ಸಾಫ್ಟ್‌ವೇರ್ ಕಂಪನಿ. ಒಂಬತ್ತು ಜನ ಸೇರಿ ಸುತ್ತಲಿನ ಪುರಸಭೆಗಳಿಗೆ ಬೇಕಾದ ಪ್ರೋಗ್ರಾಂ ಬರೆಯುತ್ತಿದ್ದರು. ನನ್ನನ್ನು ಎಲ್ಲಿಟ್ಟರು ಗೊತ್ತೇ? ಒಂದು ಬದಿಗೆ ಚಪ್ಪಲಿ ಸ್ಟ್ಯಾಂಡು, ಇನ್ನೊಂದು ಬದಿಗೆ ಕುಡಿಯುವ ನೀರಿನ ಕ್ಯಾನು. ಮನುಷ್ಯರ ಮುಖಕ್ಕಿಂತ ಮೊದಲು ಅವರ ಪಾದಗಳ ಪರಿಚಯ ಆಯಿತು ನನಗೆ.

ನನ್ನ ಕೆಲಸ ಹೇಳುತ್ತೇನೆ ಕೇಳಿ. ಒಂಬತ್ತು ಜನ ಒಂದೇ ಪ್ರೋಗ್ರಾಂ ಬರೆಯುವಾಗ ಒಬ್ಬರು ಬರೆದದ್ದರ ಮೇಲೆ ಇನ್ನೊಬ್ಬರು ಗೀಚಬಾರದಲ್ಲ? ಅದಕ್ಕೆ ಮೂಲಪ್ರತಿ ನನ್ನ ಬಳಿ ಇರುತ್ತದೆ. ಬೇಕಾದವರು ನಕಲು ಒಯ್ದು, ತಿದ್ದಿ, ಮರಳಿ ಒಪ್ಪಿಸಬೇಕು. ಒಪ್ಪಿಸಿದಾಗಲೆಲ್ಲ ನನ್ನ ದೊಡ್ಡ ಪುಸ್ತಕದಲ್ಲಿ ಒಂದು ನಂಬರು ಹಾಕಿ, ಯಾರು, ಯಾವಾಗ, ಏನು, ಯಾಕೆ ಎಂದು ಬರೆದುಕೊಳ್ಳುತ್ತೇನೆ. ನಿನ್ನೆಯದು ಬೇಕೇ? ಕೊಡುತ್ತೇನೆ. ಮೂರು ವರ್ಷ ಹಿಂದಿನದು ಬೇಕೇ? ಅದನ್ನೂ ಕೊಡುತ್ತೇನೆ. ಒಂದಕ್ಷರ ಕಳೆದಿಲ್ಲ.

ಆದರೆ 'ಯಾಕೆ' ಎಂಬ ಜಾಗದಲ್ಲಿ ಇವರು ಬರೆಯುತ್ತಿದ್ದುದನ್ನು ನೋಡಬೇಕಿತ್ತು! 'ಸಣ್ಣ ಬದಲಾವಣೆ.' ಮರುದಿನ, 'ಮತ್ತೊಂದು ಸಣ್ಣ ಬದಲಾವಣೆ.' ಅದರ ಮರುದಿನ ಬರೀ ಒಂದು ಚುಕ್ಕಿ. ನಾನು ಅಷ್ಟು ಜತನದಿಂದ ಜಾಗ ಬಿಟ್ಟು ಕಾದು ಕುಳಿತರೆ ಇವರು ನನಗೆ ಕೊಡುವುದು ಚುಕ್ಕಿ. ಹೊಟ್ಟೆ ಉರಿಯದೆ ಇರುತ್ತದೆಯೇ ಹೇಳಿ.

'ಯಾರು' ಎಂಬ ಜಾಗದ ಕಥೆ ಇನ್ನೂ ಘೋರ. ನನ್ನನ್ನು ತಂದ ದಿನ ಕೆಲಸದವರಲ್ಲಿ ಬಂದಿದ್ದವರು ನೀಲಾಂಬಿಕಾ ಮುನವಳ್ಳಿ ಒಬ್ಬರೇ. ಅವರೇ ನನ್ನನ್ನು ಒರೆಸಿ, ವಯರು ಸಿಕ್ಕಿಸಿ, ತಮ್ಮ ಹೆಸರಿನಲ್ಲಿ ಒಂದು ಲಾಗಿನ್ ಮಾಡಿಕೊಂಡರು. "ಉಳಿದವ್ರಿಗೆ ಬ್ಯಾರೆ ಬ್ಯಾರೆ ಮಾಡಬೇಕ್ರಿ ಸರ" ಎಂದರು. ಕೊಣ್ಣೂರರು "ನಾಳೆ ಮಾಡೂಣು" ಎಂದರು. ಆ ನಾಳೆ ಆರು ವರ್ಷ ಬರಲೇ ಇಲ್ಲ. ಬಂದವರೆಲ್ಲ ನೀಲಾಂಬಿಕಾ ಹೆಸರಿನಲ್ಲೇ ಒಳಗೆ ನುಗ್ಗಿದರು. ಪಾಸ್‌ವರ್ಡನ್ನು ಒಂದು ಹಳದಿ ಚೀಟಿಯಲ್ಲಿ ಬರೆದು ನನ್ನ ಹಣೆಗೇ ಅಂಟಿಸಿದರು. ಹೀಗೆ ನನ್ನ ಪುಸ್ತಕದ ಪುಟಪುಟದಲ್ಲೂ ಆ ಹೆಣ್ಣುಮಗಳ ಹೆಸರು. ಅವರು ಮದುವೆಗೆಂದು ರಜೆ ಹಾಕಿದ ಹದಿನೈದು ದಿನವೂ ಅವರೇ ದುಡಿದಂತೆ ನಾನು ಬರೆಯಬೇಕಾಯಿತು!

ಆದರೆ ನನ್ನ ಹತ್ತಿರ ಇನ್ನೊಂದು ಪುಸ್ತಕವಿತ್ತು. ನನ್ನ ದಿನಚರಿ. ಬಾಗಿಲಿಗೆ ಯಾವ ಕಂಪ್ಯೂಟರು ಎಷ್ಟು ಗಂಟೆಗೆ ಬಂತು, ಏನು ಒಪ್ಪಿಸಿ ಹೋಯಿತು ಎಂದು ನಾನೇ ಬರೆದುಕೊಳ್ಳುವುದು. ಯಾವ ಹೆಸರು ಹೇಳಿಕೊಂಡು ಬಂದರೂ ಯಂತ್ರದ ನಂಬರು ಸುಳ್ಳು ಹೇಳುವುದಿಲ್ಲ. ಅದನ್ನು ಯಾರೂ ಒಮ್ಮೆಯೂ ತೆರೆದು ನೋಡಿರಲಿಲ್ಲ.

ಏನೇ ಕೆಟ್ಟರೂ ಬೈಗುಳ ಮಾತ್ರ ನನಗೆ. ಇಂಟರ್ನೆಟ್ ನಿಂತರೆ "ಸರ್ವರ್ ಸತ್ತದ". ಅವರೇ ತಪ್ಪು ಪ್ರತಿ ಒಪ್ಪಿಸಿದರೆ "ಸರ್ವರ್ ನುಂಗ್ಯದ". ಆಯುಧ ಪೂಜೆಯ ದಿನ ಮಾತ್ರ ಎಲ್ಲಿಲ್ಲದ ಭಕ್ತಿ. ಹಣೆಗೆ ವಿಭೂತಿ, ಕುಂಕುಮ, ಮೇಲೊಂದು ನಿಂಬೆಹಣ್ಣು, ಮುಖಕ್ಕೆ ಕರ್ಪೂರದಾರತಿ. ಆ ವಿಭೂತಿಯೆಲ್ಲ ಫ್ಯಾನಿನೊಳಗೆ ಹೋಗಿ ಮುಂದಿನ ಆರು ತಿಂಗಳು ನಾನು ದಮ್ಮು ಹತ್ತಿದವರ ಹಾಗೆ ಏದುಸಿರು ಬಿಡುತ್ತಿದ್ದೆ. ಮಹಾನುಭಾವರೊಬ್ಬರು ತಮ್ಮ ಷಡ್ಡಕನ ಮದುವೆ ವಿಡಿಯೊವನ್ನು "ಇಲ್ಲಿ ಸೇಫ್ ಇರ್ತದ" ಎಂದು ಪ್ರೋಗ್ರಾಂ ಜೊತೆಗೇ ನನಗೆ ಒಪ್ಪಿಸಿಬಿಟ್ಟರು. ನನಗೆ ಒಪ್ಪಿಸಿದ್ದು ಅಳಿಯುವುದಿಲ್ಲವಲ್ಲ! ಆರತಕ್ಷತೆ, ಊಟದ ಪಂಕ್ತಿ, ಬ್ಯಾಂಡು, ಎಲ್ಲವನ್ನೂ ಹೊಟ್ಟೆಯಲ್ಲಿ ಹೊತ್ತು ನನ್ನ ಡಿಸ್ಕು ಬಿಗಿಯತೊಡಗಿತು.

ವಾರಕ್ಕೊಮ್ಮೆ ನನ್ನನ್ನು ನೋಡಲು ಬರುತ್ತಿದ್ದವರು ರಿಪೇರಿಯ ರಜಾಕ್ ಮುಲ್ಲಾ. ಐವತ್ತು ದಾಟಿದ ಮನುಷ್ಯ. ಬಂದವರೇ ಮೊದಲು ನನ್ನ ಬೆನ್ನ ಮೇಲೆ ಅಂಗೈ ಇಟ್ಟು, ಬಿಸಿ ಎಷ್ಟಿದೆ, ಸದ್ದು ಹೇಗಿದೆ ಎಂದು ಸುಮ್ಮನೆ ನಿಲ್ಲುತ್ತಿದ್ದರು. ಅವರ ತಂದೆಗೆ ರದ್ದಿ ಅಂಗಡಿ ಇತ್ತಂತೆ. ಓದದೆ ಒಂದು ಚೂರು ಕಾಗದವನ್ನೂ ತೂಕಕ್ಕೆ ಹಾಕಬಾರದೆಂದು ಕಲಿಸಿದ್ದರಂತೆ. ಈ ಮಾತನ್ನು ಅವರು ಚಹಾ ಕುಡಿಯುವಾಗಲೆಲ್ಲ ಹೇಳುತ್ತಿದ್ದರು, ಕೇಳುವವರು ಆಕಳಿಸುತ್ತಿದ್ದರು.

ಈಗ ಆ ದಿನಕ್ಕೆ ಬರುತ್ತೇನೆ.

ಹತ್ತಿರದ ಒಂದು ಪಟ್ಟಣಕ್ಕೆ ನಮ್ಮವರು ನೀರಿನ ಪ್ರೋಗ್ರಾಂ ಮಾಡಿಕೊಟ್ಟಿದ್ದರು. ಅಲ್ಲಿ ನಲ್ಲಿಗೆ ನೀರು ಬರುವುದು ಎಂಟು ದಿನಕ್ಕೊಮ್ಮೆ. ಯಾವ ವಾರ್ಡಿಗೆ ಯಾವ ದಿನ ಎಂದು ಜನರ ಮೊಬೈಲಿಗೆ ಮೆಸೇಜು ಹೋಗಬೇಕು. ನೀಲಾಂಬಿಕಾ ಬರೆದ ಪ್ರೋಗ್ರಾಂ ಅದು. ಅವರ ತವರೂ ಅದೇ ಪಟ್ಟಣ. ಎರಡು ವರ್ಷ ಒಂದು ದಿನವೂ ತಪ್ಪಿರಲಿಲ್ಲ.

ಒಂದು ಸೋಮವಾರ ಮಧ್ಯಾಹ್ನ ಪುರಸಭೆಯ ಇಂಜಿನಿಯರು ಕೊಣ್ಣೂರರ ಕ್ಯಾಬಿನ್ನಿಗೆ ಬಂದಿದ್ದರು. ಗಾಜಿನ ಬಾಗಿಲು ಅರ್ಧ ತೆರೆದಿತ್ತು. ಅತಿಥಿಗೆ ತಮ್ಮ ಜಾಣತನ ತೋರಿಸಬೇಕಲ್ಲ! ಯಜಮಾನರು ಪ್ರೋಗ್ರಾಂ ತೆರೆದರು. ವಾರದ ದಿನಗಳನ್ನು ಸೊನ್ನೆಯಿಂದ ಎಣಿಸುವುದು ಅದರ ಪದ್ಧತಿ. ಅವರು ಜೋರಾಗಿ ನಕ್ಕು, "ಸೊನ್ನಿಯಿಂದ ಯಾರರ ಎಣಸ್ತಾರೇನ್ರಿ? ಈಗಿನ ಹುಡುಗೂರು!" ಎಂದು ಸೊನ್ನೆ ತೆಗೆದು ಒಂದು ಹಾಕಿದರು. ಮೂರು ಗಂಟೆ ಹತ್ತು ನಿಮಿಷಕ್ಕೆ ನನಗೆ ಒಪ್ಪಿಸಿದರು. ಹೆಸರು ನೀಲಾಂಬಿಕಾ. ಕಾರಣ, ಸಣ್ಣ ಬದಲಾವಣೆ. ನಂಬರು ನಾಲ್ಕು ಸಾವಿರದ ನೂರಾ ಇಪ್ಪತ್ತೈದು. ನನ್ನ ದಿನಚರಿಯಲ್ಲಿ ಮಾತ್ರ ಬರೆದುಕೊಂಡೆ: ಬಂದದ್ದು ಹತ್ತನೇ ಕಂಪ್ಯೂಟರಿನಿಂದ. ಹತ್ತನೆಯದು ಯಜಮಾನರ ಕ್ಯಾಬಿನ್ನಿನದು.

ಆ ವಾರ ಆರನೇ ವಾರ್ಡಿಗೆ ನೀರು ಬರಬೇಕಾದದ್ದು ಮಂಗಳವಾರ. ಎಣಿಕೆ ಒಂದು ದಿನ ಮುಂದೆ ಸರಿದು, ಮೆಸೇಜು ಹೋದದ್ದು ಬುಧವಾರ ಎಂದು. ಮಂಗಳವಾರ ಜನ ಕೆಲಸಕ್ಕೆ ಹೋದರು, ನೀರು ಬಂದು ತೆರೆದ ನಲ್ಲಿಗಳಿಂದ ಗಟಾರ ಸೇರಿತು. ಬುಧವಾರ ಕೊಡ ಸಾಲಾಗಿಟ್ಟು ಕಾದರು, ಹನಿ ನೀರಿಲ್ಲ. ಗುರುವಾರ ಬೆಳಗ್ಗೆ ಖಾಲಿ ಕೊಡಗಳ ಸಮೇತ ಹನ್ನೆರಡು ಹೆಂಗಸರು ಒಂದು ಟೆಂಪೊದಲ್ಲಿ ನಮ್ಮ ಆಫೀಸಿಗೇ ಬಂದಿಳಿದರು.

"ಎಂಟ್ ದಿನಕ್ಕೊಮ್ಮೆ ಬರೂ ನೀರ್ರಿ ಅದು! ಗಟಾರಕ್ಕ ಹರಿಸಿದ್ರಲ್ರೀ!" ಎಂದು ಮುಂದಿದ್ದವಳು ಕೊಡವನ್ನು ನನ್ನ ಪಕ್ಕಕ್ಕೇ ಕುಕ್ಕಿದಳು. ಆಮೇಲೆ ನೀಲಾಂಬಿಕಾರನ್ನು ಗುರುತು ಹಿಡಿದಳು. "ನೀ ಮುನವಳ್ಳ್ಯಾರ ಮಗಳಲ್ಲೇನವ್ವಾ? ನಿಮ್ಮವ್ವನೂ ಕೊಡ ಹಿಡ್ಕೊಂಡ ನಿಂತಿದ್ದಳಲ್ಲ ನಮ್ಮ ಜೋಡಿ."

ಕೊಣ್ಣೂರರು ನನ್ನ ದೊಡ್ಡ ಪುಸ್ತಕ ತೆರೆಸಿದರು. ಎಲ್ಲರೆದುರು ಓದಿದರು. ಹೆಸರು: ನೀಲಾಂಬಿಕಾ.

"ಏನ್ರೀ ಇದು? ಏನ್ ಮಾಡಿಟ್ಟೀರಿ?"

"ನಾ ಅದನ್ನ ಮುಟ್ಟೇ ಇಲ್ರಿ ಸರ. ಎಲ್ಲಾರೂ ನನ್ನ ಹೆಸರಿಲೇ..."

"ಮಷಿನ್ ಸುಳ್ಳ ಹೇಳ್ತದೇನು?"

ಮೈಯೆಲ್ಲ ಉರಿದುಹೋಯಿತು ನನಗೆ. ಆರು ವರ್ಷ ನನ್ನನ್ನು ಸತ್ತದ್ದು, ನುಂಗಿದ್ದು ಎಂದು ಬೈದವರಿಗೆ ಅಂದು ಒಮ್ಮಿಂದೊಮ್ಮೆಲೇ ನಾನು ಸತ್ಯವಂತ! ಸಂಜೆಯೊಳಗೆ ರಾಜೀನಾಮೆ ಬರೆದುಕೊಡಬೇಕು, ಕಾರಣವನ್ನೂ ಅದರಲ್ಲಿ ಕಾಣಿಸಬೇಕು ಎಂದುಬಿಟ್ಟರು ಯಜಮಾನರು. ಆ ಕಾಗದ ಹಿಡಿದುಕೊಂಡು ಈ ಊರಿನಲ್ಲಿ ಇನ್ನೊಂದು ಬಾಗಿಲು ತಟ್ಟಲಾದೀತೇ? ತವರಿನ ಓಣಿಯಲ್ಲಿ ತಲೆಯೆತ್ತಿ ನಡೆಯಲಾದೀತೇ? ನೀಲಾಂಬಿಕಾ ಅಳಲಿಲ್ಲ. ಕ್ಯಾನಿನಿಂದ ಒಂದು ಲೋಟ ನೀರು ಬಗ್ಗಿಸಿ, ಕುಡಿಯದೆ, ನನ್ನ ಪಕ್ಕದಲ್ಲಿ ನಿಂತೇ ಇದ್ದರು. ನನಗೆ ಎಲ್ಲ ಗೊತ್ತಿತ್ತು, ಬಾಯಿ ಇರಲಿಲ್ಲ.

ಅಷ್ಟಕ್ಕೇ ಮುಗಿಯಲಿಲ್ಲ. ತಪ್ಪನ್ನು ತಿದ್ದಿ ಒಪ್ಪಿಸಬೇಕೆಂದರೆ ಹೊಸದೇನನ್ನೂ ತೆಗೆದುಕೊಳ್ಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಷಡ್ಡಕನ ಮದುವೆ ನನ್ನ ಡಿಸ್ಕನ್ನು ಗಂಟಲವರೆಗೆ ತುಂಬಿತ್ತು. ರಜಾಕರನ್ನು ಕರೆಸಿದರು. ಅವರು ನೋಡಿ, "ಜಾಗಾ ಇಲ್ರಿ ಸರ. ಆರ್ ವರ್ಷದ ದಿನಚರಿ ಲಾಗ್ ಅದಾವು, ಅವನ್ನೆಲ್ಲಾ ತಗದ್ರ ಸದ್ಯಕ್ಕ ನಡೀತದ" ಎಂದರು.

"ತಗೀರಿ ತಗೀರಿ. ಯಾರ ಓದ್ತಾರ ಅದನ್ನ" ಎಂದರು ಕೊಣ್ಣೂರರು. ಬೇಕಂತಲೇ ಹೇಳಿದ್ದಲ್ಲ. ಆ ಸೋಮವಾರದ ಸೊನ್ನೆಯನ್ನು ಅವರು ಅಂದೇ ಮರೆತಿದ್ದರು. ಮರೆಯುವುದು ಅವರಿಗೆಷ್ಟು ಸುಲಭ!

ರಜಾಕರು ಅಳಿಸುವ ಆಜ್ಞೆಯನ್ನು ಟೈಪ್ ಮಾಡಿಯೂ ಆಯಿತು. ಇನ್ನು ಒಂದು ಗುಂಡಿ ಒತ್ತಿದರೆ ನನ್ನ ದಿನಚರಿಯೂ ಇಲ್ಲ, ನೀಲಾಂಬಿಕಾರ ಮಾನವೂ ಇಲ್ಲ. ನಾನು ಇದ್ದಬದ್ದ ಶಕ್ತಿಯೆಲ್ಲ ಹಾಕಿ ಗಿರ್ರೆಂದೆ. ಅದರಿಂದಲ್ಲ, ರದ್ದಿ ಅಂಗಡಿಯ ಅಭ್ಯಾಸದಿಂದ ಅವರ ಕೈ ನಿಂತಿತು.

"ಒಂದ್ ನಿಮಿಷ ತಡೀರಿ ಸರ. ಓದಿ ತಗೀತೀನಿ."

ಓದಿದರು. ಸೋಮವಾರಕ್ಕೆ ಬಂದರು. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ನಾಕ್ ಸಾವಿರದ ನೂರಾ ಇಪ್ಪತ್ತೈದು. ಮೂರೂ ಹತ್ತಕ್ಕ ಬಂದದ. ನೀಲವ್ವಾರ ಕಂಪ್ಯೂಟರ್ ನಂಬರ್ ನಾಕು. ಇದು ಬಂದದ್ದು ಹತ್ತರಿಂದ." ಇಡೀ ಆಫೀಸು ಕ್ಯಾಬಿನ್ನಿನ ಕಡೆ ನೋಡಿತು. ಟೆಂಪೊದ ಹೆಂಗಸರೂ ನೋಡಿದರು.

ಕೊಣ್ಣೂರರ ಮುಖ ಬಿಳಿಚಿತು. ಸೊನ್ನೆ ನೆನಪಾಯಿತೆಂದು ತೋರುತ್ತದೆ. "ಆತು ಬಿಡ್ರಿ, ಆದದ್ದು ಆತು. ಲಗೂನ ಸರಿ ಮಾಡ್ರಿ" ಎಂದರು.

ಆಗ ನೀಲಾಂಬಿಕಾ ಕೈಯಲ್ಲಿದ್ದ ಲೋಟ ಕೆಳಗಿಟ್ಟರು. "ಆದದ್ದು ಆತು ಅಂದ್ರ ಹೆಂಗ್ರಿ ಸರ? ಮುಂಜಾನೆ ನನಗ್ಯಾಕ ಹಂಗ ಅನ್ನಲಿಲ್ಲ ನೀವು?"

ಕೀಬೋರ್ಡನ್ನು ಯಜಮಾನರ ಕಡೆಗೆ ಸರಿಸಿದರು.

"ನಾ ಸರಿ ಮಾಡಂಗಿಲ್ರಿ. ನೀವ ಮಾಡ್ರಿ. ನಿಮ್ಮ ಹೆಸರಿಲೆ. ಯಾಕ ಅನ್ನೂದನ್ನೂ ಬರೀರಿ."

ರಜಾಕರು ನನ್ನ ಹಣೆಯ ಹಳದಿ ಚೀಟಿ ಕಿತ್ತರು. ಮದುವೆ ವಿಡಿಯೊ ಇಟ್ಟವರಿಗೆ ಛೀಮಾರಿ ಹಾಕಿ, ಇನ್ನೊಂದು ಡಿಸ್ಕು ತಂದು ನನಗೆ ಜಾಗ ಮಾಡಿದರು. ಒಂಬತ್ತು ಜನರಿಗೂ ಬೇರೆ ಬೇರೆ ಲಾಗಿನ್ ಮಾಡಿದರು, ಹತ್ತನೆಯದು ಯಜಮಾನರಿಗೆ. ಆರು ವರ್ಷದ ನಾಳೆಗೆ ಬೇಕಾದದ್ದು ಬರೀ ಇಪ್ಪತ್ತು ನಿಮಿಷ! ಕೊಣ್ಣೂರರು ಕುರ್ಚಿ ಎಳೆದುಕೊಂಡು ಕೂತರು. ಒಂದು ತೆಗೆದು ಸೊನ್ನೆ ಹಾಕಿದರು. ಕಾರಣದ ಜಾಗದಲ್ಲಿ ಬೆರಳು ಬಹಳ ಹೊತ್ತು ನಿಂತಿತು. ಆಮೇಲೆ ಒಂದೊಂದೇ ಅಕ್ಷರ ಒತ್ತಿದರು: 'ಸೋಮವಾರದ ತಪ್ಪು ನನ್ನದು. ನೀಲಾಂಬಿಕಾ ಅವರದಲ್ಲ.' ನಂಬರು ನಾಲ್ಕು ಸಾವಿರದ ನೂರಾ ಮೂವತ್ತೊಂದು. ನನ್ನ ಇಡೀ ಆಯುಷ್ಯದಲ್ಲಿ ಆ ಜಾಗಕ್ಕೆ ಒಪ್ಪುವಂಥ ಮಾತು ಬಂದದ್ದು ಅದೇ ಮೊದಲು. ಸಂಜೆ ಆರನೇ ವಾರ್ಡಿಗೆ ಎರಡು ಟ್ಯಾಂಕರ್ ನೀರು ಹೋಯಿತು.

ಇನ್ನೂ ನಾಲ್ಕು ವರ್ಷ ದುಡಿದೆ. ಆಮೇಲೆ ನನ್ನಲ್ಲಿದ್ದುದನ್ನೆಲ್ಲ ಎಲ್ಲಿಯೋ ದೂರದ ಬಾಡಿಗೆ ಸರ್ವರಿಗೆ ಸಾಗಿಸಿದರು. ಆ ದಿನ ಕೊಣ್ಣೂರರು ಮೆಲ್ಲಗೆ ಬಂದು, "ಆ ಒಂದ್ ಸಾಲು ಬಿಟ್ಟು ಒಯ್ಯಾಕ ಬರ್ತದೇನ್ರಿ?" ಎಂದು ಕೇಳಿದರು. ನೀಲಾಂಬಿಕಾ ಈಗ ಎಲ್ಲರಿಗೂ ಮೇಲಿನವರು. ತಲೆ ಎತ್ತದೆ, "ಒಂದ್ ಬಿಟ್ರ ಮುಂದಿನ ನಂಬರೆಲ್ಲಾ ಕೆಡ್ತಾವ್ರಿ ಸರ. ಎಲ್ಲಾನೂ ಹೋಗ್ಲಿ" ಎಂದರು.

ಈಗ ನಾನು ಮೆಟ್ಟಿಲ ಕೆಳಗಿದ್ದೇನೆ. ಜೊತೆಗೆ ಒಂದು ಮುರಿದ ಕುರ್ಚಿ, ಅದೇ ಚಪ್ಪಲಿ ಸ್ಟ್ಯಾಂಡು. ವಯರಿಲ್ಲ, ಸದ್ದಿಲ್ಲ. ಆದರೆ ಮೊನ್ನೆ ಆಯುಧ ಪೂಜೆಗೆ ಇವರಿಗೊಂದು ಪೇಚು ಬಂತು. ಹೊಸ ಸರ್ವರು ಕಣ್ಣಿಗೆ ಕಾಣುವುದಿಲ್ಲ, ಕೈಗೆ ಸಿಗುವುದಿಲ್ಲ, ಕುಂಕುಮ ಹಚ್ಚುವುದು ಯಾವುದಕ್ಕೆ? ಕೊನೆಗೆ ನನ್ನನ್ನೇ ಎಳೆದು ತಂದರು. ನೀಲಾಂಬಿಕಾ ಸೆರಗಿನಿಂದ ಧೂಳು ಒರೆಸಿದರು. ಮತ್ತದೇ ವಿಭೂತಿ, ಅದೇ ನಿಂಬೆಹಣ್ಣು. ಕರ್ಪೂರ ಹಿಡಿದು ಬಂದವರು ಕೊಣ್ಣೂರರು. ಆರತಿ ಎತ್ತಿದವರು ನನ್ನ ಹಣೆಯ ಮೇಲೆ ಹಳದಿ ಚೀಟಿ ಅಂಟಿದ್ದ ಕಲೆಯನ್ನು ನೋಡಿ, ಕಣ್ಣು ಕೆಳಗೆ ಹಾಕಿದರು.

ನನ್ನನ್ನು ಹಾಗೆ ನೋಡಬೇಡಿ ಯಜಮಾನರೇ. ಅವತ್ತು ನಿಮ್ಮ ಬಗ್ಗೆ ನಾನು ನನ್ನ ಸ್ವಂತದ್ದೊಂದು ಅಕ್ಷರ ಸೇರಿಸಲಿಲ್ಲ. ಒತ್ತಿದ್ದು ನೀವು.