ಅಮೆರಿಕಾ ಗಾಣ

"ಏನ್ಲಾ ಸಿದ್ದ, ಗಾಣಕ್ಕೆ ಕಬ್ಬು ಕೊಡ್ತಿದ್ದೀಯೋ, ನಿನ್ನೆಂಡ್ರಿಗೆ ಜಡೆ ಆಕ್ತಿದ್ದೀಯೋ? ಕೈ ಆಡ್ಸಲಾ ಬೋಳಿಮಗನೆ. ಅದು ಎತ್ತಲ್ಲ, ಇಂಜಿನ್ನು. ನಿಂತ್ಕಂಡು ಗಂಜಲ ಉಯ್ಯಕಿಲ್ಲ."

ಗೌಡ ರೇವಣ್ಣ ಹೀಗೆ ಬೈದಾಗ ಕೆಂಪಸಿದ್ದಯ್ಯ ತಲೆ ಎತ್ತಲಿಲ್ಲ. ಎತ್ತುವ ಹಾಗೂ ಇರಲಿಲ್ಲ. ಉರುಳೆಗಳ ನಡುವೆ ಕಬ್ಬು ತೂರುವವನು ತಲೆ ಎತ್ತಿದರೆ ಕೈ ಎಲ್ಲಿದೆ ಎಂದು ತಿಳಿಯುವುದಿಲ್ಲ. ನಾನು ಪಕ್ಕದಲ್ಲಿ ನಿಂತು ಅವನಿಗೆ ಜಲ್ಲೆ ಎತ್ತಿ ಕೊಡುತ್ತಿದ್ದೆ.

ಎರಡನೇ ಮಹಾಯುದ್ಧ ನಡೆಯುತ್ತಿದ್ದ ವರ್ಷ. ಹೊಳಲಿನ ಆ ಆಲೆಮನೆಯಲ್ಲಿ ಅದಕ್ಕೆ ಮುಂಚೆ ಗಾಣ ತಿರುಗಿಸುತ್ತಿದ್ದದ್ದು ಎರಡು ಜೊತೆ ಎತ್ತು. ನಮ್ಮ ಕೇರಿಯ ಎಂಟು ಜನಕ್ಕೆ ಕೆಲಸವಿತ್ತು. ಎತ್ತು ಸಗಣಿ ಹಾಕಲು ನಿಂತರೆ ನಾವೂ ಒಂದು ಬೀಡಿ ಹಚ್ಚುತ್ತಿದ್ದೆವು. ಎತ್ತು ದಣಿದರೆ ಆಳೂ ದಣಿದ ಎಂದು ಗೌಡ ಒಪ್ಪುತ್ತಿದ್ದ. ಆ ಸುಗ್ಗಿಗೆ ಅವನು ಅಮೆರಿಕಾದಿಂದ ಬಂದ ಎಣ್ಣೆ ಇಂಜಿನ್ನು ಕೊಂಡ. ಗಾಡಿಗೆಂದು ಒಂದು ಜೊತೆ ಉಳಿಸಿಕೊಂಡು ಇನ್ನೊಂದು ಜೊತೆ ಮಾರಿದ. ನಾಲ್ಕು ಜನರನ್ನು ಮನೆಗೆ ಕಳಿಸಿದ. ಕಬ್ಬಿನ ಹಾಲು ಬೀಳುವ ಮಡಕೆ, ಬೆಲ್ಲ ಬೇಯುವ ಕೊಪ್ಪರಿಗೆ, ಇವನ್ನು ನಾವು ಮೊದಲಿನಿಂದಲೂ ಮುಟ್ಟುವ ಹಾಗಿರಲಿಲ್ಲ. ಈಗ ಇಂಜಿನ್ನಿಗೂ ಪೂಜೆಯಾಯಿತು, ಅದೂ ಮಡಿಯಾಯಿತು.

ಅದನ್ನು ನಡೆಸಲು ಮಳವಳ್ಳಿಯಿಂದ ಮೆಹಬೂಬ್ ಪಾಷಾ ಬಂದಿದ್ದ. ನೀರನ್ನು ನಮ್ಮ ಜೊತೆಗೇ, ನಮ್ಮ ಬಿಂದಿಗೆಯಿಂದಲೇ ಕುಡಿಯುತ್ತಿದ್ದ.

"ಅಮೆರಿಕಾದಲ್ಲಿ ಕೂಲಿಯೋರು ಮೋಟಾರಲ್ಲಿ ಕೆಲ್ಸಕ್ಕೆ ಬತ್ತಾರಂತೆ ಸಿದ್ದಣ್ಣ. ಎಲ್ಲಾನೂ ಮಿಷಿನ್ನೇ ಮಾಡ್ತದಂತೆ," ಎಂದ ಒಮ್ಮೆ.

"ಬೈಸ್ಕಳದೂ ಮಿಷಿನ್ನೇನಾ ಪಾಷಣ್ಣ? ಇಲ್ಲ ಅದ್ಕೆ ಅಲ್ಲೂ ನಮ್ಮಂತೋರ್ನೇ ಮಡೀಕಂಡವ್ರಾ?" ಎಂದು ಕೆಂಪಸಿದ್ದಯ್ಯ ಕೇಳಿದ್ದಕ್ಕೆ ಇಬ್ಬರೂ ನಕ್ಕಿದ್ದರು.

ಆ ಮಧ್ಯಾಹ್ನ ಪಾಷಾ ಇಂಜಿನ್ನಿಗೆ ನೀರು ತರಲು ಕಾಲುವೆಗೆ ಹೋಗಿದ್ದ. ಗೌಡ "ಕೈ ಆಡ್ಸಲಾ, ಕೈ ಆಡ್ಸಲಾ" ಎನ್ನುತ್ತಲೇ ಇದ್ದ. ಒಂದು ಜಲ್ಲೆ ಅಡ್ಡ ಸಿಕ್ಕಿಕೊಂಡಿತು. ಎತ್ತಿನ ಗಾಣದಲ್ಲಾದರೆ "ಹೋ" ಎಂದರೆ ಸಾಕು, ಎತ್ತು ನಿಲ್ಲುತ್ತದೆ, ಜಲ್ಲೆ ಬಿಡಿಸಬಹುದು. ಕೆಂಪಸಿದ್ದಯ್ಯ ಇಪ್ಪತ್ತು ಸುಗ್ಗಿ ಹಾಗೆ ಮಾಡಿದವನು. "ಹೋ" ಅಂದ. ಅಂದವನೇ ಕೈ ಹಾಕಿದ.

ಬೆರಳು ಹೋಯಿತು, ಮುಂಗೈ ಹೋಯಿತು. ಮೂಳೆ ಸೀಳುವ ಸದ್ದು ಕಬ್ಬು ಸೀಳುವ ಸದ್ದಿನ ಹಾಗೇ ಇರುತ್ತದೆ. ಅವನು "ಹೋ, ಹೋ" ಎಂದೇ ಚೀರುತ್ತಿದ್ದ. ನಾವೂ ಅದನ್ನೇ ಕೂಗಿದೆವು. ಎತ್ತಿಗೆ ಅಡ್ಡ ನಿಲ್ಲುವ ಹಾಗೆ ನಾನು ಓಡಿ ಹೋಗಿ ಇಂಜಿನ್ನಿನ ಮುಂದೆ ಎರಡೂ ಕೈ ಚಾಚಿ ನಿಂತೆ. ಅದಕ್ಕೆ ಮೂಗುದಾರ ಎಲ್ಲಿ? ಕುಂಕುಮ ಹಚ್ಚಿದ ದೊಡ್ಡ ಚಕ್ರ ತಿರುಗುತ್ತಲೇ ಇತ್ತು.

"ಮುಟ್ಟಬ್ಯಾಡ್ಲಾ ನಿಂಗ," ಎಂದು ಗೌಡ ಹಿಂದಿನಿಂದ ನನ್ನನ್ನು ಗದರಿದ.

ಪಾಷಾ ಬಿಂದಿಗೆ ಎಸೆದು ಓಡಿ ಬಂದು ಎಣ್ಣೆ ನಿಲ್ಲಿಸುವ ಹೊತ್ತಿಗೆ ಮೊಣಕೈವರೆಗೆ ಒಳಗಿತ್ತು.

ಉರುಳೆ ಹಿಂದಕ್ಕೆ ತಿರುಗಿಸಿ ಬಿಡಿಸಿದೆವು. ಬಂದದ್ದನ್ನು ಕೈ ಎನ್ನಲಾಗದು. ಪಾಷಾ ತಲೆಯ ವಸ್ತ್ರ ಬಿಚ್ಚಿ ತೋಳಿಗೆ ಬಿಗಿದ. ಅದೂ ಕೆಂಪಾಯಿತು.

ಗೌಡ ಮಡಕೆಯೊಳಗೆ ಬಗ್ಗಿ ನೋಡುತ್ತಿದ್ದ. ಬೆಲ್ಲ ಬೇಯಿಸುವ ದೊಡ್ಡಬೀರಯ್ಯ ಕೇಳಿದ, "ಚೆಲ್ಲಿ ಬುಡದಾ ಗೌಡ್ರೇ? ರಕ್ತ ಬೆರೆತದೆ."

"ಚೆಲ್ಲಕ್ಕೆ ನಿಮ್ಮಪ್ಪನ ಕಬ್ಬೇನ್ಲಾ? ಈ ಪಾಕ ಇಳಿಸಿದ್ ಮ್ಯಾಕೆ ಉಯ್ಯಿ ಕೊಪ್ಪರಿಗೆಗೆ. ಬೆಂದ್ರೆ ಎಲ್ಲಾ ಮಡಿ."

ನಾನು ಕೈ ಮುಗಿದೆ. "ಬುದ್ಧಿ, ಗಾಡಿ ಕೊಡಿ. ಮಂಡ್ಯದ ಆಸ್ಪತ್ರೆಗೆ ಆಕ್ಕಂಡೋಯ್ತೀವಿ. ಒತ್ತಾದ್ರೆ ಉಳಿಯಕಿಲ್ಲ."

"ಗಾಡೀಲಿ ಕಬ್ಬಿರದು ಕಾಣಕಿಲ್ವಾ? ಅದೆಲ್ಲಾ ಅರೆದಾದ್ ಮ್ಯಾಕೆ ನೋಡಾನ. ಅವನ ಜಾಗದಲ್ಲಿ ನೀನು ಕೂತ್ಕ. ಪಾಷಾ, ಸುರು ಮಾಡು."

"ನಾನು ಮಾಡಕಿಲ್ಲ," ಎಂದ ಪಾಷಾ. ಗೌಡ ಅವನ ಕಪಾಳಕ್ಕೆ ಹೊಡೆದ.

ಕೆಂಪಸಿದ್ದಯ್ಯನ ಹೆಂಡತಿ ಮರಿತಾಯಮ್ಮ ಹೊರಗೆ ಕಬ್ಬಿನ ಸಿಪ್ಪೆ ಒಣಹಾಕುತ್ತಿದ್ದವಳು ಒಳಗೆ ಬಂದಳು. ಗಂಡನನ್ನು ನೋಡಿದಳು. ಗೌಡನ ಎದುರಿಗೆ ಹೋಗಿ ನಿಂತಳು.

"ಗಾಡಿ ಬುಡು ಗೌಡ."

"ಯಾರ್ಗಮ್ಮಿ 'ಬುಡು' ಅಂತೀಯೆ, ಲೌಡಿ," ಎಂದು ಅವನು ಹೊಟ್ಟೆಗೆ ಒದ್ದ. ಅವಳು ಕೊಪ್ಪರಿಗೆಯ ಪಕ್ಕಕ್ಕೆ ಹೋಗಿ ಬಿದ್ದಳು. ಏಳುವಾಗ ದೊಡ್ಡಬೀರಯ್ಯನ ಉದ್ದ ಹಿಡಿಯ ಸೌಟು ಅವಳ ಕೈಯಲ್ಲಿತ್ತು. ಅದ್ದಿದಳು. ಬೆಲ್ಲದ ಹದಕ್ಕೆ ಬಂದು ಕೊತಕೊತ ಕುದಿಯುತ್ತಿದ್ದ ಪಾಕ ಗೌಡನ ಮುಖದ ಮೇಲೆ, ಎದೆಯ ಮೇಲೆ ಬಿತ್ತು. ಪಾಕ ನೀರಿನ ಹಾಗೆ ಜಾರಿ ಹೋಗುವುದಿಲ್ಲ, ಹಿಡಿದುಕೊಳ್ಳುತ್ತದೆ. ಅವನು ಒರೆಸಿಕೊಂಡಲ್ಲೆಲ್ಲ ಚರ್ಮ ಕೈಗೆ ಬಂತು. ದೊಡ್ಡಬೀರಯ್ಯ ಊರ ಕಡೆ ಓಡಿದ.

ನಾವು ಗಾಡಿಯ ಕಬ್ಬನ್ನು ನೆಲಕ್ಕೆ ಉರುಳಿಸಿ ಕೆಂಪಸಿದ್ದಯ್ಯನನ್ನು ಮಲಗಿಸಿದೆವು. ಪಾಷಾ ತೋಳಿನ ಕಟ್ಟು ಅಮುಕಿ ಹಿಡಿದು ಕೂತ. ಮರಿತಾಯಮ್ಮ ಎತ್ತು ಹೊಡೆದಳು. ಮಂಡ್ಯದ ದಾರಿ ಹಿಡಿಯಬೇಕಾದರೆ ಕಾಲುವೆಯ ಏರಿ ಹತ್ತಿ ಆಚೆ ಇಳಿಯಬೇಕು. ಏರಿ ಕಡಿದಾಗಿತ್ತು.

ಅಷ್ಟರಲ್ಲಿ ಗೌಡನ ಕಡೆಯವರು ದೊಣ್ಣೆ ಹಿಡಿದು ಬಂದರು, ಹತ್ತು ಹನ್ನೆರಡು ಜನ. ಉಳಿದಿದ್ದ ನಾವು ಮೂವರು ಕಬ್ಬು ಕಡಿಯುವ ಮಚ್ಚು ತೆಗೆದುಕೊಂಡು ದಾರಿಗೆ ಅಡ್ಡ ನಿಂತೆವು.

"ಜರುಗ್ಲಾ ನಿಂಗ. ನಿಂಗೂ ಎಂಡ್ರು ಮಕ್ಳವ್ರೆ."

"ಗಾಡಿ ಏರಿ ದಾಟ್ಲಿ. ಆಮ್ಯಾಕೆ ಏನಾರ ಮಾಡ್ಕಳಿ."

ಮೊದಲ ದೊಣ್ಣೆ ನನ್ನ ಹೆಗಲ ಮೇಲೆ ಬಿತ್ತು. ನಾನು ಮಚ್ಚು ಬೀಸಿದೆ. ಯಾರಿಗೆ ತಾಗಿತೋ, ಬೆಚ್ಚಗಿನದು ಮುಖಕ್ಕೆ ಸಿಡಿಯಿತು. ಹಿಂದೆ ಗಾಲಿಗಳು ಇನ್ನೂ ಏರಿಯ ಬುಡದಲ್ಲೇ ಕಿರುಗುಟ್ಟುತ್ತಿದ್ದವು.